ಒಣಗಾಕು, ಒಳಗಾಕು

ನನಗೆ ಕಿವಿ ಕೇಳಿಸುತ್ತದೆ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ನನ್ನ ಕಷ್ಟವೆಲ್ಲ ಶುರುವಾದದ್ದು ಇಲ್ಲಿಂದಲೇ. ಪಕ್ಕದ ಮನೆಯವರು ಒಲೆಗೆ ಪುಳ್ಳೆ ಮುರಿದರೆ ನನಗೆ ಗೊತ್ತಾಗುತ್ತದೆ. ಹಾಲು ಉಕ್ಕುವ ಮುಂಚೆ ಪಾತ್ರೆಯ ಅಂಚಿನಲ್ಲಿ ಏಳುವ ಸಣ್ಣ ಸದ್ದೂ ಗೊತ್ತಾಗುತ್ತದೆ. ಆದರೆ ನಾಲ್ಕು ಜನ ಒಟ್ಟಿಗೆ ಮಾತಾಡುವ ಕಡೆ, ಇಲ್ಲವೆ ಏನಾದರೂ ಗರಗರ ತಿರುಗುತ್ತಿರುವ ಕಡೆ ಯಾರಾದರೂ ನನಗೊಂದು ಕೆಲಸ ಹೇಳಿದರೆ ದನಿ ಬರುತ್ತದೆ, ಮಾತು ಬರುವುದಿಲ್ಲ. ನೀರಿನಲ್ಲಿ ನೆನೆದ ಕಾಗದದಲ್ಲಿ ಅಕ್ಷರ ಇದೆ ಎಂದು ಕಾಣುತ್ತದಲ್ಲ, ಯಾವ ಅಕ್ಷರ ಎಂದು ಮಾತ್ರ ತಿಳಿಯುವುದಿಲ್ಲ, ಹಾಗೆ. ತಟ್ಟೆ ತಾ ಎಂದರೆ ಬಟ್ಟೆ ತರುತ್ತೇನೆ. ಬೇಡ ಎಂದರೆ ಬೇಗ ಎಂದುಕೊಳ್ಳುತ್ತೇನೆ.

ಇದಕ್ಕೆ ಆಡಿಟರಿ ಪ್ರೊಸೆಸಿಂಗ್ ಡಿಸಾರ್ಡರ್ ಎಂಬ ಹೆಸರಿದೆಯೆಂದು ನನಗೆ ತಿಳಿಯುವ ಹೊತ್ತಿಗೆ ತಲೆ ನೆರೆತಿತ್ತು. ಹೆಸರಿಲ್ಲದೆ ಇದನ್ನು ಹೊತ್ತುಕೊಂಡು ಓಡಾಡಿದ ಕಾಲದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ. ಎಲ್ಲೋ ಒಂದು ಮನೆಯಲ್ಲಿ ಈಗಲೂ ಒಂದು ಮಗು “ಹೇಳಿದ್ದು ಕೇಳುಸ್ಕಳಲ್ಲ” ಎಂದು ಏಟು ತಿನ್ನುತ್ತಿರಬಹುದು.

ನಮ್ಮಪ್ಪ ಕೊರಟಗೆರೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಶಾಲಾ ಮೇಷ್ಟ್ರು. ನಾನು ಒಬ್ಬಳೇ ಮಗಳು, ಹೆಸರು ಸರೋಜ. ಮನೆಯಲ್ಲಿ ನಾವು ಮೂರೇ ಜನ. ಅಪ್ಪ ನನ್ನನ್ನು ಎದುರಿಗೆ ಕೂರಿಸಿಕೊಂಡು ಪಾಠ ಹೇಳಿದರೆ ಒಂದಕ್ಷರ ತಪ್ಪದೆ ಬರೆಯುತ್ತಿದ್ದೆ. ಅದೇ ಶಾಲೆಯಲ್ಲಿ, ಅತ್ತಕಡೆ ಚಿಕ್ಕ ಮಕ್ಕಳು ಮಗ್ಗಿ ಹೇಳುತ್ತಿರುವಾಗ ಇತ್ತಕಡೆ ಉಕ್ತಲೇಖನ ಕೊಟ್ಟರೆ ನನ್ನ ಹಲಗೆಯ ಮೇಲೆ ಬೇರೆಯೇ ಏನೋ ಇರುತ್ತಿತ್ತು. ಮುಂದೆ ಮಧುಗಿರಿಯ ಮಿಡ್ಲ್ ಸ್ಕೂಲಿಗೆ ಸೋದರತ್ತೆಯ ಮನೆಯಿಂದ ಹೋದೆ. ಅಲ್ಲಿ ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದಷ್ಟು ಸಲ ಇನ್ಯಾರನ್ನೂ ನಿಲ್ಲಿಸಲಿಲ್ಲ. “ಪುಸ್ತಕ ಕೊಟ್ರೆ ಗಿಣಿ ಹಂಗೆ ಓದ್ತೀಯ, ಬಾಯಲ್ಲಿ ಹೇಳಿದ್ರೆ ಗೂಬೆ ಹಂಗೆ ನೋಡ್ತೀಯ” ಎಂದು ಟೀಚರಮ್ಮ ಹೇಳುತ್ತಿದ್ದರು. ಆ ಮಾತೂ ನನಗೆ ಅರ್ಧವೇ ಕೇಳಿಸಿತ್ತು. ಉಳಿದರ್ಧವನ್ನು ಪಕ್ಕದಲ್ಲಿದ್ದ ಹುಡುಗಿ ಆಮೇಲೆ ಹೇಳಿದಳು. ಎಂಟನೇ ಕ್ಲಾಸು ಮುಗಿಸಿ ಮನೆಗೆ ಬಂದೆ.

ಹದಿನೇಳು ತುಂಬಿದಾಗ ಸಿರಾಕ್ಕೆ ಕೊಟ್ಟರು. ಗಂಡನ ಮನೆಯವರು ಗಾಣದವರು. ಮನೆಯ ಮುಂದಿನ ಅಂಕಣವೇ ಗಾಣ. ಬೆಳಗಾದರೆ ಎತ್ತು ಕಟ್ಟಿ ಕಡಲೆಬೀಜವನ್ನೋ ಹುಚ್ಚೆಳ್ಳನ್ನೋ ಹಾಕಿದರೆ ಮರಕ್ಕೆ ಮರ ಉಜ್ಜಿ ಕಿರ್ರೋ ಎಂದು ಶುರುವಾದದ್ದು ಹೊತ್ತು ಇಳಿಯುವ ತನಕ ನಿಲ್ಲುತ್ತಿರಲಿಲ್ಲ. ಎಣ್ಣೆಗೆ ಬಂದವರ ಮಾತು, ಹಿಂಡಿಗೆ ಬಂದವರ ಮಾತು, ಅದರ ಮೇಲೆ ನಮ್ಮತ್ತೆ ತಿಮ್ಮಕ್ಕನ ಗಂಟಲು. ಅತ್ತೆ ಕೆಟ್ಟವರಲ್ಲ. ಗಂಡ ಸತ್ತ ಮೇಲೆ ಒಬ್ಬರೇ ಗಾಣ ನಡೆಸಿ ಮಗನನ್ನು ಸಾಕಿದವರು. ಹೇಳಿದ ಕೆಲಸ ಹೇಳಿದ ಗಳಿಗೆಗೆ ಆಗಬೇಕು, ಅಷ್ಟೆ. ನಮ್ಮ ಯಜಮಾನರು ಶಿವಣ್ಣ ಮಾತು ಕಮ್ಮಿಯ ಮನುಷ್ಯ. ನನಗೆ ಅದೇ ಒಂದು ನೆಮ್ಮದಿಯಾಗಿತ್ತು.

ಮೊದಲ ವರ್ಷ ನಗುವಿನಲ್ಲಿ ಕಳೆಯಿತು. ಹೊಸ ಸೊಸೆ, ಹೆದರಿಕೆ, ಇರಲಿ ಎಂದರು. ಎರಡನೆಯ ವರ್ಷ ಬಿತ್ತನೆಯ ಕಡಲೆಬೀಜವನ್ನು ಅಂಗಳದಲ್ಲಿ ಹರಡಿದ್ದೆವು. ನಾನು ಹಿತ್ತಲಲ್ಲಿ ಇದ್ದೆ, ಗಾಣ ತಿರುಗುತ್ತಿತ್ತು. ಅತ್ತೆ ಒಳಗಿನಿಂದ ಕೂಗಿದರು: “ಸರೋಜಾ, ಬೀಜ ಒಳಗಾಕು!” ನನಗೆ ಬಂದದ್ದು ಒಣಗಾಕು. ಒಳಗೆ ಇನ್ನೆರಡು ಮೂಟೆ ಇತ್ತು. ಅದನ್ನೂ ಎಳೆದು ತಂದು ಅಂಗಳದಲ್ಲಿ ಸುರಿದು ಕೈಯಾರೆ ತೆಳ್ಳಗೆ ಹರಡಿದೆ. ಹರಡಿ ಮುಗಿಸುವಷ್ಟರಲ್ಲಿ ಮಳೆ ಬಿತ್ತು.

ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಮೋಡ ಕಾಣ್ಲಿಲ್ವೇನೇ ನಿನ್ ಕಣ್ಗೆ?”

ಮೋಡ ಕಂಡಿತ್ತು. ಆದರೆ ಹೇಳಿದ್ದನ್ನು ಮಾಡದೆ ಬಿಟ್ಟರೆ ಬೈಸಿಕೊಳ್ಳಬೇಕಲ್ಲ ಎಂಬ ಹೆದರಿಕೆ ಮೋಡಕ್ಕಿಂತ ದೊಡ್ಡದಾಗಿತ್ತು. ಇದನ್ನು ಹೇಗೆ ಹೇಳಲಿ? ಒದ್ದೆ ಬೀಜವನ್ನು ಬಾಚತೊಡಗಿದೆ. ಆ ದಿನ ಮೊದಲ ಸಲ ಆ ಮಾತು ಮನೆಯಲ್ಲಿ ಎದ್ದಿತು. “ಮೇಷ್ಟ್ರು ಕಿವುಡೀನ ತಂದು ನಮ್ ತಲೆಗೆ ಕಟ್ಬುಟ್ಟವ್ರೆ ಕಣ್ಲಾ ಶಿವಾ.”

ಮೊದಲು ಪಾವಗಡದ ಕಡೆ, ನಿಡುಗಲ್ಲಿನ ಹತ್ತಿರ ಒಬ್ಬ ನಾಟಿ ವೈದ್ಯನಿದ್ದಾನೆಂದು ಕರೆದುಕೊಂಡು ಹೋದರು. ಆತ ಹಿಂದಿನಿಂದ ಬಂದು ಬೆರಳು ಚಿಟುಕಿಸಿದ. ತಿರುಗಿ ನೋಡಿದೆ. “ಚೆವುಲು ಬಾಗುನ್ನಾಯಿ ಕದಮ್ಮಾ, ಕಿವಿ ಚೆನ್ನಾಗೇ ಐತೆ” ಎಂದು ಅತ್ತೆಗೆ ಹೇಳಿ, ಬಂದ ತಪ್ಪಿಗೆ ಇರಲಿ ಎಂಬಂತೆ ಬೆಳ್ಳುಳ್ಳಿ ಕಾಯಿಸಿದ ಎಣ್ಣೆಯನ್ನು ಬಿಸಿಬಿಸಿಯಾಗಿ ಹುಯ್ದ. ಎಂಟು ದಿನ ಕಿವಿ ಸೋರಿತು.

ಆಮೇಲೆ ತುಮಕೂರಿನ ಕಿವಿ ಡಾಕ್ಟರು. ಆ ಕಾಯುವ ಜಾಗ ನನ್ನ ಕನಸಿನಲ್ಲಿ ಈಗಲೂ ಬರುತ್ತದೆ. ಗೋಡೆಗೆ ಒರಗಿಸಿದ ಉದ್ದನೆ ಬೆಂಚು, ಅಳುವ ಮಕ್ಕಳು, ತಲೆಗೆ ಮಫ್ಲರು ಸುತ್ತಿಕೊಂಡ ಮುದುಕರು. ಒಳಗಿನಿಂದ ಕಾಂಪೌಂಡರು ಹೆಸರು ಕೂಗುತ್ತಿದ್ದ. ಕಿವಿ ಕೇಳಿಸದವರನ್ನು ಕೂಗಿ ಕರೆಯುವ ಆ ಪದ್ಧತಿ ಯಾರಿಗೂ ವಿಚಿತ್ರವೆನಿಸಿದ ಹಾಗೆ ಕಾಣಲಿಲ್ಲ. ನಾನು ಅವನ ಬಾಯಿಯನ್ನೇ ನೋಡುತ್ತ ಕೂತಿದ್ದೆ. ಆದರೂ ನನ್ನ ಹೆಸರು ತಪ್ಪಿಹೋಯಿತು. ಯಜಮಾನರು ರಟ್ಟೆ ಹಿಡಿದು ಎಬ್ಬಿಸಿದರು.

ಡಾಕ್ಟರ ಕೋಣೆಯ ಬಾಗಿಲು ಮುಚ್ಚಿದ ಕೂಡಲೇ ಎಲ್ಲ ಸದ್ದೂ ನಿಂತಿತು. ಅವರು ಕಬ್ಬಿಣದ ಕವಲುಕಡ್ಡಿಯನ್ನು ತಟ್ಟಿ ಕಿವಿಯ ಹತ್ತಿರ ಹಿಡಿದರು. ಕೇಳಿಸಿತು. ದೂರ ನಿಂತು ಪಿಸುಮಾತಿನಲ್ಲಿ ಸಿರಾ, ಮಧುಗಿರಿ, ಅಕ್ಕಿ, ಬೆಲ್ಲ ಎಂದರು. ಎಲ್ಲವನ್ನೂ ಹೇಳಿದೆ. ಡಾಕ್ಟರು ಅತ್ತೆಯ ಕಡೆ ತಿರುಗಿ ನಕ್ಕರು. “ನಿಮಗಿಂತ ಚೆನ್ನಾಗಿದೆ ಇವಳ ಕಿವಿ. ಯಾವ ದೋಷವೂ ಇಲ್ಲ.”

ಒಳ್ಳೆಯ ಸುದ್ದಿ ಅಲ್ಲವೇ? ಸಿರಾಕ್ಕೆ ವಾಪಸು ಬರುವ ಬಸ್ಸಿನಲ್ಲಿ ಅತ್ತೆ ನನ್ನ ಪಕ್ಕ ಕೂರಲಿಲ್ಲ. ಕಿವುಡಿಯಾಗಿದ್ದರೆ ಪಾಪ ಎನ್ನುತ್ತಿದ್ದರೋ ಏನೋ. ಈಗ ಬೇಕೆಂದೇ ಮಾಡುವವಳಾದೆ.

ನಾನೇ ನನ್ನನ್ನು ನಂಬದ ಹಾಗಾದೆ. ಡಾಕ್ಟರು ಸರಿ ಇದೆ ಎಂದಿದ್ದಾರೆ, ಹಾಗಾದರೆ ತಪ್ಪು ನನ್ನ ಬುದ್ಧಿಯದ್ದು, ಇಲ್ಲವೆ ನನ್ನೊಳಗೆ ನನಗೇ ಗೊತ್ತಿಲ್ಲದ ಒಂದು ಹಟ ಇರಬೇಕು. ಹೊತ್ತು ಮುಳುಗುವ ವೇಳೆಗೆ ತಲೆ ಸಿಡಿದುಹೋಗುತ್ತಿತ್ತು. ದಿನವಿಡೀ ಒಂದೊಂದು ಮಾತನ್ನೂ ಕಷ್ಟಪಟ್ಟು ಹಿಡಿದು, ಇದು ಇದೇ ಇರಬೇಕು ಎಂದು ಊಹಿಸಿ, ಊಹೆ ಸರಿಯೋ ತಪ್ಪೋ ಎಂದು ಅವರ ಮುಖ ನೋಡಿ ಬದುಕುವುದು ಎಷ್ಟು ದಣಿಸುತ್ತದೆ ಎಂದು ಹೊರಗಿನವರಿಗೆ ತಿಳಿಯದು.

ಆ ಬೀದಿಯಲ್ಲಿ ನನಗೆ ಸಲೀಸಾಗಿ ಅರ್ಥವಾಗುತ್ತಿದ್ದವಳು ಒಬ್ಬಳೇ. ಎದುರುಮನೆಯ ಜೈನಾಬಿ. ಅವಳ ಗಂಡ ಪಾತ್ರೆಗಳಿಗೆ ಕಲಾಯಿ ಹಾಕುವವನು, ಅವಳು ತಿದಿ ಒತ್ತುವವಳು. ಮನೆಮಾತು ಉರ್ದು. ಕನ್ನಡದಲ್ಲಿ ಮಾತಾಡಬೇಕಾದರೆ ಎದುರಿಗೆ ಬಂದು ನಿಂತು, ಒಂದೊಂದೇ ಪದವನ್ನು ಹುಡುಕಿ ಹುಡುಕಿ, ಕೈಯಲ್ಲೂ ತೋರಿಸಿ ಹೇಳುತ್ತಿದ್ದಳು. “ಬೇಟೀ... ಎಣ್ಣೆ... ಅರ್ಧ ಸೇರು... ನಾಳೆ.” ನನಗೆ ಒಂದೂ ತಪ್ಪುತ್ತಿರಲಿಲ್ಲ. ಇದನ್ನು ಅತ್ತೆ ನೋಡಿದರು. “ಬೂಬಮ್ಮನ ಮುರುಕು ಕನ್ನಡ ತಿಳೀತದೆ, ಅತ್ತೆ ಮಾತು ತಿಳಿಯಾಕಿಲ್ಲ. ಇನ್ನೇನ್ ಸಾಕ್ಷಿ ಬೇಕ್ಲಾ ಶಿವಾ?” ಎಂದರು. ಯಜಮಾನರು ಎತ್ತಿನ ಮೈ ಸವರುತ್ತಾ ತಲೆ ತಗ್ಗಿಸಿದರು.

ಇದರ ನಡುವೆ ಮಗಳು ಹುಟ್ಟಿದಳು. ಗಿರಿಜ. ಅವಳು ಅತ್ತರೆ ಹಸಿವೋ ನಿದ್ದೆಯೋ ಎಂದು ನನಗೆ ಥಟ್ಟನೆ ಗೊತ್ತಾಗುತ್ತಿತ್ತು. ಮಾತಿಲ್ಲದ ಕೂಸಿನ ಜೊತೆ ಇರುವಾಗ ನಾನು ಎಲ್ಲರಂಥ ಹೆಂಗಸೇ.

ಅವಳಿಗೆ ಹದಿನಾಲ್ಕು ತಿಂಗಳಾಗಿತ್ತು. ಯಜಮಾನರು ಎತ್ತನ್ನು ಸುತ್ತಲು ಬಿಟ್ಟು ಅಂಗಡಿಗೆ ಹೋಗಿದ್ದರು. ಅತ್ತೆ ಪಡಸಾಲೆಯಲ್ಲಿ ಮೊರ ಹಿಡಿದು ಬೀಜ ಕೇರುತ್ತಿದ್ದರು. ನಾನು ಬಾಗಿಲಲ್ಲಿ ಎಣ್ಣೆ ಡಬ್ಬ ತೊಳೆಯುತ್ತಿದ್ದೆ. ಗಿರಿಜ ಗೋಡೆ ಹಿಡಿದುಕೊಂಡು ನನ್ನ ಬೆನ್ನ ಹಿಂದಿನಿಂದ ಗಾಣದ ಕಡೆ ಹೋಗಿದ್ದಾಳೆ. ಗಾಣದ ಬುಡದ ಸುತ್ತ ಕೊರೆದ ಒಂದು ತೋಡಿರುತ್ತದೆ, ಎತ್ತು ಎಳೆಯುವ ಅಡ್ಡಮರ ಅದರಲ್ಲಿ ಉಜ್ಜಿಕೊಂಡೇ ಸುತ್ತುತ್ತದೆ. ಮಗು ಅಲ್ಲಿಗೆ ಹೋಗಿ ಕೂತದ್ದನ್ನು ಅತ್ತೆ ನೋಡಿ ಕಿರುಚಿದರು.

“ಮಗೀನ ಹಿಡ್ಕಳ್ಳೇ!”

ನನಗೆ ಕೇಳಿಸಿದ್ದು “ಹಗ್ಗಾನ ಹಿಡ್ಕಳ್ಳೇ.” ಎತ್ತು ಕಿತ್ತುಕೊಂಡಿತು ಎಂದುಕೊಂಡೆ. ಓಡಿದೆ. ಮಗುವನ್ನು ದಾಟಿಕೊಂಡೇ ಓಡಿದ್ದೇನೆ, ಅವಳ ಲಂಗದ ಅಂಚು ನನ್ನ ಕಾಲಿಗೆ ತಾಗಿದ್ದು ನೆನಪಿದೆ. ಎತ್ತಿನ ಮೂಗುದಾರ ಹಿಡಿದು ಜಗ್ಗಿದೆ. ಎತ್ತು ಬೆದರಿ ಮುಂದಕ್ಕೆ ನುಗ್ಗಿತು.

ಗಿರಿಜಳ ಎಡಗೈಯ ಎರಡು ಬೆರಳು ಹೋದವು.

ಆಸ್ಪತ್ರೆಯಲ್ಲಿ ನನಗೆ ಮಗುವನ್ನು ಎತ್ತಿಕೊಳ್ಳಲು ಬಿಡಲಿಲ್ಲ. ಅತ್ತೆ ಒಳಗಿದ್ದರು, ನಾನು ಹೊರಗೆ ಮೆಟ್ಟಿಲ ಮೇಲೆ. ಅವಳ ಅಳು ಗೋಡೆ ದಾಟಿ ಬರುತ್ತಿತ್ತು, ಅದು ಮಾತ್ರ ಒಂದಿಷ್ಟೂ ಮಸುಕಾಗದೆ ಕೇಳಿಸುತ್ತಿತ್ತು. ಜೈನಾಬಿ ಬಂದು ಪಕ್ಕದಲ್ಲಿ ಕೂತಳು. ಬಟ್ಟಲಿನಲ್ಲಿ ತಂದಿದ್ದ ಗಂಜಿಯನ್ನು ನನ್ನ ತುಟಿಗೆ ಹಿಡಿದು ಕುಡಿಸಿದಳು.

ಮಾರನೆಯ ವಾರ ನನ್ನನ್ನು ತವರಿಗೆ ಕಳಿಸಿದರು. ಮಗು ಅಲ್ಲೇ ಉಳಿಯಿತು. “ಕಿವುಡಿ ಆಗಿದ್ರೆ ಮಡಿಕ್ಕಂತಿದ್ದೆ. ಮಗಾನ ತುಳ್ಕಂಡು ಓಡೋಳ್ನ ಹೆಂಗೆ ನಂಬ್ಲಿ?” ಎಂದು ಅತ್ತೆ ನನ್ನನ್ನು ಕರೆದೊಯ್ಯಲು ಬಂದ ಅಪ್ಪನ ಮುಂದೆ ಅತ್ತರು. ಅವರು ನಿಜವಾಗಿ ಅತ್ತರು.

ಮೂರು ವರ್ಷ ಹಾಗೆ ಕಳೆಯಿತು. ಮೊದಲ ವರ್ಷ ನಾನು ಮಾತು ಬಿಟ್ಟೆ. ಯಾರಾದರೂ ಏನಾದರೂ ಹೇಳಿದರೆ ತಪ್ಪು ಮಾಡುತ್ತೇನೆ, ಅದಕ್ಕಿಂತ ಏನೂ ಮಾಡದಿರುವುದೇ ಮೇಲು ಎಂದು ಮೂಲೆಯಲ್ಲಿ ಕೂತೆ. ನೀರು ಸೇದಲು ಅವ್ವ ನನ್ನನ್ನು ಬಾವಿಗೆ ಕಳಿಸುತ್ತಿರಲಿಲ್ಲ. ಯಾಕೆಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ನನಗೆ ನನ್ನ ಮೇಲೆ ಅವಳಿಗಿಂತ ಹೆಚ್ಚು ಭಯವಿತ್ತು. ವಾರಕ್ಕೊಮ್ಮೆ ಸಿರಾಕ್ಕೆ ಒಂದು ಕಾಗದ ಬರೆಯುತ್ತಿದ್ದೆ. ಯಜಮಾನರಿಂದ ಎರಡು ಮೂರು ತಿಂಗಳಿಗೊಂದು ಕಾರ್ಡು ಬರುತ್ತಿತ್ತು. “ಮಗು ಸೌಖ್ಯ. ಕೈ ಮಾಯ್ದಿದೆ.” “ಮಗು ನಡೆಯುತ್ತಾಳೆ.” “ಮಗು ಮಾತಾಡುತ್ತಾಳೆ.” ಅವಳು ಏನು ಮಾತಾಡುತ್ತಾಳೆ ಎಂದು ಒಂದು ಸಲವೂ ಬರೆಯಲಿಲ್ಲ.

ಒಂದು ಬೇಸಿಗೆಯಲ್ಲಿ ಜೈನಾಬಿಯೂ ಅವಳ ಗಂಡನೂ ಕಲಾಯಿ ಹಾಕಲು ನಮ್ಮ ಹಳ್ಳಿಗೆ ಬಂದರು. ಸುತ್ತಾಡಿಕೊಂಡು ಬಂದದ್ದೆಂದರು. ನನ್ನನ್ನು ನೋಡಲೆಂದೇ ಬಂದಿದ್ದಳೆಂದು ನನಗೆ ಆಮೇಲೆ ತಿಳಿಯಿತು. ಜಗುಲಿಯ ಮೇಲೆ ಕೂತು, ಗಿರಿಜ ಎಷ್ಟೆತ್ತರ ಬೆಳೆದಿದ್ದಾಳೆಂದು ಕೈಯಲ್ಲಿ ತೋರಿಸಿದಳು. ಆಮೇಲೆ ಅಪ್ಪನಿಗೆ ಹೇಳಿದಳು:

“ಮೇಷ್ಟ್ರೇ, ನಮ್ದು ಕನ್ನಡ ತಪ್ಪು. ನಿಮ್ ಮಗಳಿಗೆ ತಿಳೀತದೆ. ತಿಮ್ಮಕ್ಕಂದು ಕನ್ನಡ ಸರಿ. ತಿಳಿಯಲ್ಲ. ಯಾಕೆ? ನೀವು ಓದಿದೋರು, ಹೇಳಿ.”

ಅವಳು ಹೋದ ಮೇಲೆ ಅಪ್ಪ ನನ್ನ ಎದುರಿಗೆ ಬಂದು ಕೂತರು.

“ನಂಗೆ ಗೊತ್ತಿತ್ತು ಕಣವ್ವ,” ಎಂದರು. “ನೀನು ಏಳು ವರ್ಷದೋಳಿದ್ದಾಗಿಂದ ಗೊತ್ತಿತ್ತು. ಶಾಲೇಲಿ ತಪ್ಪು ಬರೀತಿದ್ದೆ, ಅದನ್ನೇ ಮನೇಲಿ ಸರಿ ಬರೀತಿದ್ದೆ. ಏನೋ ಐತೆ ಅನ್ನಿಸ್ತಿತ್ತು. ಏನು ಅಂತ ತಿಳೀಲಿಲ್ಲ. ಮದುವೆ ಹೊತ್ತಲ್ಲಿ ಹೇಳಿದ್ರೆ ನಿಂತೋಗ್ತದೆ ಅಂತ ಬಾಯಿ ಮುಚ್ಕೊಂಡೆ. ಆ ಮಗೂ ಬೆರಳು ನಾನೇ ಕತ್ತರಿಸ್ದಂಗಾಯ್ತು.”

ಅಪ್ಪ ಅಳುವುದನ್ನು ಅದೇ ಮೊದಲು ನೋಡಿದ್ದು. ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ನಾನು ಸುಳ್ಳು ಹೇಳುತ್ತಿಲ್ಲ ಎಂದು ಈ ಲೋಕದಲ್ಲಿ ಒಬ್ಬರಿಗಾದರೂ ಮೊದಲಿನಿಂದ ಗೊತ್ತಿತ್ತಲ್ಲ ಎಂದು ಎದೆಯೊಳಗೆ ಏನೋ ಸಡಿಲವಾಯಿತು.

ಅಪ್ಪ ರಜ ಹಾಕಿ ನನ್ನನ್ನು ಬೆಂಗಳೂರಿಗೆ ಕರೆದೊಯ್ದರು. ಅಲ್ಲೊಂದು ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆಗೆಂದೇ ಹೊಸ ಯಂತ್ರ ಬಂದಿದೆಯೆಂದು ಯಾರೋ ಹೇಳಿದ್ದರು. ಎರಡು ದಿನ ಬೆಂಚಿನ ಮೇಲೆ ಕಾದೆವು. ಮೂರನೆಯ ದಿನ ಗೂಡಿನಂಥ ಒಂದು ಕೋಣೆಯೊಳಗೆ ಕೂರಿಸಿದರು. ಗೋಡೆಗೆಲ್ಲ ಮೆತ್ತೆ, ನನ್ನ ಉಸಿರೇ ನನಗೆ ಕೇಳಿಸುವಂಥ ನಿಶ್ಶಬ್ದ. ಪರೀಕ್ಷೆ ಮಾಡಿದವರು ನನ್ನ ವಯಸ್ಸಿನ ಒಬ್ಬ ಹೆಣ್ಣುಮಗಳು. ಕಿವಿಗೆ ಯಂತ್ರ ಹಾಕಿ ಕೀಂ ಎಂಬ ಸದ್ದು ಬಿಟ್ಟರು, ಪದಗಳನ್ನು ಹೇಳಿದರು. ಎಲ್ಲ ಸರಿಯಾಗಿ ಹೇಳಿದೆ. ಹೇಳುತ್ತಾ ಹೇಳುತ್ತಾ ನನಗೆ ಅರಿವಾಯಿತು: ಇದೂ ತುಮಕೂರಿನ ಹಾಗೇ ಆಗುತ್ತಿದೆ.

ಅವರು ಬರೆಯಲು ಪೆನ್ನು ತೆಗೆದರು. ನಾನು ಎದ್ದುಹೋಗಿ ಅವರ ಕೈ ಹಿಡಿದುಕೊಂಡೆ.

“ಅಮ್ಮಾ, ಸರಿಯಾಗೈತೆ ಅಂತ ಬರೀಬೇಡಿ. ನಿಮ್ಮ ಕಾಲಿಗೆ ಬೀಳ್ತೀನಿ. ಕಿವುಡು ಅಂತ ಬರ್ಕೊಡಿ. ಹಂಗೆ ಬರ್ಕೊಟ್ರೆ ನನ್ ಮಗೂನ ನಂಗೆ ಕೊಡ್ತಾರೆ.”

ಆಕೆ ಪೆನ್ನು ಕೆಳಗಿಟ್ಟರು. ಕುರ್ಚಿ ಎಳೆದುಕೊಂಡು ನನ್ನ ಎದುರಿಗೆ ಕೂತು ಎಲ್ಲವನ್ನೂ ಕೇಳಿದರು. ಬಿತ್ತನೆ ಬೀಜ, ಗಾಣ, ಹಗ್ಗ, ಜೈನಾಬಿಯ ಕನ್ನಡ. ಆಮೇಲೆ ಎದ್ದು, ಕೋಣೆಯ ಬಾಗಿಲು ತೆಗೆದರು. ಹೊರಗಿನ ಗಲಾಟೆ ಒಳಗೆ ನುಗ್ಗಿತು. ಮೇಜಿನ ಮೇಲಿನ ಫ್ಯಾನು ಹಾಕಿ, ರೇಡಿಯೋ ಹಾಕಿ ಅದರ ಕಿವಿ ತಿರುಗಿಸಿ ಬರೀ ಗರಗರ ಬರುವ ಹಾಗೆ ಮಾಡಿದರು. ನನಗೆ ಬೆನ್ನು ಮಾಡಿ ನಿಂತು ಮತ್ತೆ ಇಪ್ಪತ್ತು ಪದ ಹೇಳಿದರು. ದನಿ ಮೊದಲಿಗಿಂತ ಜೋರಾಗೇ ಇತ್ತು. ನಾನು ಸರಿಯಾಗಿ ಹೇಳಿದ್ದು ಆರು.

ಅವರು ರೇಡಿಯೋ ನಿಲ್ಲಿಸಿ, ಬಾಗಿಲು ಹಾಕಿ, ನಿಧಾನವಾಗಿ ಹೇಳಿದರು: “ನೀವು ಸುಳ್ಳು ಹೇಳ್ತಿಲ್ಲ. ನಿಮ್ಮ ಕಿವೀಲಿ ತೊಂದರೆ ಇಲ್ಲ. ಕಿವಿ ಒಳಗೆ ಬಿಟ್ಟದ್ದನ್ನ ತಲೆ ಬಿಡಿಸಿಕೊಳ್ಳೋದರಲ್ಲಿ ತೊಡಕಿದೆ. ಹುಟ್ಟಿನಿಂದಲೇ ಇದ್ದಿರಬೇಕು. ಇದರ ಬಗ್ಗೆ ನಮಗೂ ತಿಳಿದಿರೋದು ಸ್ವಲ್ಪ. ಔಷಧಿ ಇಲ್ಲ.”

ಔಷಧಿ ಇಲ್ಲ ಎಂಬ ಮಾತಿಗೆ ಅಪ್ಪನ ಮುಖ ಇಳಿಯಿತು. ನಾನು ಮೊದಲ ಮಾತಿನಲ್ಲೇ ನಿಂತುಬಿಟ್ಟಿದ್ದೆ. ನೀವು ಸುಳ್ಳು ಹೇಳ್ತಿಲ್ಲ. ಮೆತ್ತೆಯ ಆ ಗೂಡಿನಲ್ಲಿ ಕೂತು ಗಟ್ಟಿಯಾಗಿ ಅತ್ತುಬಿಟ್ಟೆ. ಆಕೆ ಒಂದು ಕಾಗದದಲ್ಲಿ ಹತ್ತು ಪದ ಬರೆದುಕೊಟ್ಟರು. “ಮನೇಲಿ ನಂಬದೆ ಹೋದ್ರೆ ಅವರೇ ಹೀಗೆ ಪರೀಕ್ಷೆ ಮಾಡಿ ನೋಡಲಿ.”

ನಾನೂ ಅಪ್ಪನೂ ಸಿರಾಕ್ಕೆ ಹೋದೆವು. ಗಾಣ ತಿರುಗುತ್ತಿತ್ತು. ಅತ್ತೆ ಆಸ್ಪತ್ರೆಯ ಚೀಟಿಯನ್ನು ಕಣ್ಣೆತ್ತಿಯೂ ನೋಡಲಿಲ್ಲ. “ಇಂಥ ಚೀಟಿ ತುಮ್ಕೂರೋರೂ ಕೊಟ್ಟಿದ್ರು” ಎಂದರು. ಯಜಮಾನರು ಮಾತ್ರ ಹತ್ತು ಪದದ ಕಾಗದವನ್ನು ಓದಿದರು. ಎರಡು ಸಲ ಓದಿದರು. ಆಮೇಲೆ, ನನ್ನನ್ನು ಮದುವೆಯಾದಾಗಿನಿಂದ ಅವರು ತಾವಾಗಿಯೇ ಮಾಡಿದ ಮೊದಲ ಕೆಲಸ ಅದು, ಗಾಣದ ಪಕ್ಕ ಹೋಗಿ ನಿಂತು ನನಗೆ ಬೆನ್ನು ತಿರುಗಿಸಿದರು.

“ಕೂಗ್ತೀನಿ. ಕೇಳಿದ್ದ ಹೇಳು.”

ಕೂಗಿದರು. ನಾನು ಹೇಳಿದೆ. ಅವರ ಮುಖ ನನಗೆ ಕಾಣುತ್ತಿರಲಿಲ್ಲ, ಅತ್ತೆಯ ಮುಖ ಕಾಣುತ್ತಿತ್ತು. ತಟ್ಟೆಗೆ ಬಟ್ಟೆ ಎಂದೆನಂತೆ, ಮರಕ್ಕೆ ಮೊರ, ಗಾಳಿಗೆ ಗಾಡಿ. ಹತ್ತರಲ್ಲಿ ಮೂರು ಸರಿ. ಯಜಮಾನರು ಎತ್ತನ್ನು ನಿಲ್ಲಿಸಿದರು. ಮನೆಯೇ ಉಸಿರು ಹಿಡಿದ ಹಾಗೆ ನಿಶ್ಶಬ್ದವಾಯಿತು. ಅದೇ ಹತ್ತು ಪದವನ್ನು, ಬೆನ್ನು ತಿರುಗಿಸಿಕೊಂಡೇ, ಸಣ್ಣ ದನಿಯಲ್ಲಿ ಹೇಳಿದರು. ಹತ್ತೂ ಸರಿ.

ಅತ್ತೆ ಕಂಬಕ್ಕೆ ಒರಗಿದರು. “ಅವತ್ತು... ಅವತ್ತು ನಾನು ಏನಂತ ಕೂಗಿದ್ದು ಕೇಳ್ತು ನಿಂಗೆ?”

“ಹಗ್ಗಾನ ಹಿಡ್ಕಳ್ಳೇ ಅಂತ, ಅತ್ತೆ.”

ಅವರು ಯಾರಿಗೂ ಅಲ್ಲದ ಹಾಗೆ ಹೇಳಿದರು: “ಮೊರ ಕೆಳಗಿಟ್ಟು ನಾನೇ ಏಳ್ಬೋದಾಗಿತ್ತು.” ಆ ಮಾತನ್ನು ಮೂರು ವರ್ಷದಿಂದ ಅವರು ಒಳಗೇ ಇಟ್ಟುಕೊಂಡಿದ್ದರೆಂದು ನನಗೆ ಆಗ ತಿಳಿಯಿತು. ನನ್ನನ್ನು ದೂರಿದ್ದು ಅದನ್ನು ಮುಚ್ಚಿಡಲಿಕ್ಕೋ ಏನೋ. ನಾವಿಬ್ಬರೂ ಆಮೇಲೆ ಎಂದೂ ಅದರ ಮಾತು ಎತ್ತಲಿಲ್ಲ.

ಅಂದಿನಿಂದ ಎಲ್ಲ ಸರಿಹೋಯಿತೆಂದು ಯಾರೂ ತಿಳಿಯಬೇಡಿ. ಅತ್ತೆ ಎದುರಿಗೆ ಬಂದು ಹೇಳುವುದನ್ನು ಕಲಿತರು, ಅರ್ಧ ದಿನ ಮರೆತು ಕೂಗುತ್ತಿದ್ದರು. ಯಜಮಾನರು ಮುಖ್ಯವಾದ್ದನ್ನು ಹಲಗೆಯ ಮೇಲೆ ಬರೆದು ಅಡಿಗೆಮನೆಯಲ್ಲಿ ಇಡುತ್ತಿದ್ದರು. ನಾನು “ಕೇಳಿಸಲಿಲ್ಲ” ಎನ್ನುವ ಬದಲು “ಕೇಳಿಸ್ತು, ತಿಳೀಲಿಲ್ಲ” ಎನ್ನುವುದನ್ನು ಕಲಿತೆ. ಈಗಲೂ ಮದುವೆ ಮನೆಗೆ ಹೋದರೆ ನಕ್ಕವರ ಜೊತೆ ನಗುತ್ತೇನೆ, ಯಾತಕ್ಕೆಂದು ಗೊತ್ತಿಲ್ಲದೆ. ನಿಮ್ಮ ಮನೆಯಲ್ಲಿ ಹೀಗೆ ನಗುವವರಿದ್ದರೆ ಒಂದು ಗಳಿಗೆ ಸದ್ದು ನಿಲ್ಲಿಸಿ, ಎದುರಿಗೆ ಕೂತು, ಒಂದೇ ಮಾತು ಹೇಳಿ ನೋಡಿ.

ನಾನು ವಾಪಸು ಬಂದ ಆ ದಿನದ್ದು ಇನ್ನೊಂದು ಉಳಿದಿದೆ. ಇಷ್ಟೆಲ್ಲ ಆಗುವಾಗ ಗಿರಿಜ ಒಳಬಾಗಿಲ ಸಂದಿಯಲ್ಲಿ ನಿಂತಿದ್ದಳು. ನಾಲ್ಕು ದಾಟಿದ ಹುಡುಗಿ. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ, ಎಡಗೈಯನ್ನು ಲಂಗದ ಮಡಿಕೆಯಲ್ಲಿ ಮುಚ್ಚಿಟ್ಟುಕೊಂಡಿದ್ದಳು. ನಾನು ಅವಳ ಮುಂದೆ ಹೋಗಿ ಮಂಡಿಯೂರಿ ಕೂತೆ. ಮುಟ್ಟಲು ಧೈರ್ಯವಾಗಲಿಲ್ಲ. ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿ ಕೇಳಿದಳು:

“ನೀನ್ ಯಾವಾಗ ಹೋಗ್ತೀಯ?”

ಒಂದಕ್ಷರವೂ ಬಿಡದೆ ಕೇಳಿಸಿತು. ಮೊದಲ ಸಲಕ್ಕೇ ತಿಳಿಯಿತು. ಬದುಕಿನಲ್ಲಿ ಅದೊಂದೇ ಸಲ ನಾನು ಜನ ಆಡಿಕೊಳ್ಳುತ್ತಿದ್ದ ಕೆಲಸವನ್ನು ಬೇಕೆಂದೇ ಮಾಡಿದೆ.

“ತಿಳೀಲಿಲ್ಲ ಕಣವ್ವ. ಇನ್ನೊಂದ್ಸಲ ಹೇಳು.”

ಅವಳು ನನ್ನ ಮುಖವನ್ನೇ ನೋಡಿದಳು. ನನ್ನ ಕಣ್ಣಲ್ಲಿ ಏನು ಕಂಡಳೋ.

“ಉಂಡ್ಯಾ ಅಂದೆ,” ಎಂದಳು.

“ಇಲ್ಲ ಕಣವ್ವ,” ಎಂದೆ, “ಇನ್ನೂ ಉಂಡಿಲ್ಲ.”